ಮುದಕವ್ವನ ಹರಳಿಗೆ ಯಾವ ಕೈ?

ಹೆಡ್‌ಮಾಸ್ತರ ಬಸಲಿಂಗಯ್ಯನವರು ಹತ್ತನೆಯ ಇಯತ್ತೆಯ ಬಾಗಿಲಿಗೆ ಬಂದು ನಿಂತಾಗ, ಒಳಗೆ ಬಸಲಿಂಗಯ್ಯನವರೇ ಪಾಠ ಮಾಡುತ್ತಿದ್ದರು.

"ಏನ್ರೋ ಮಂಗ್ಯಾಗೋಳ್ರ್ಯಾ, ಹಲ್ಲ ತಗದ್ರ ಎಣಿಸಿ ಕೈಯಾಗ ಕೊಡ್ತೇನಿ!" ಎಂಬ ಮೂಗಿನ ದನಿ ಅವರದೇ. ಎರಡು ಮಾತಿಗೊಂದು ಕೆಮ್ಮು, ಕೆಮ್ಮಿಗೊಮ್ಮೆ ಕೋಟಿನ ಇಲ್ಲದ ಗುಂಡಿಯನ್ನು ಹುಡುಕುವ ಬೆರಳು, ಅದೂ ಅವರದೇ. ಮೈ ಮಾತ್ರ ವಿಜ್ಞಾನ ಕಲಿಸುವ ಗಿರಿಜಾಬಾಯಿಯದು. ಆಕೆ ಹುಟ್ಟಾ ಎಡಚಿ. ಆದರೆ ಹೆಡ್‌ಮಾಸ್ತರರ ಸೋಂಗು ಹಾಕಿ ಎಡಗೈಯಲ್ಲಿ ಬರೆದರೆ ಪಾತ್ರ ಕೆಟ್ಟುಹೋಗುತ್ತದೆಂದು ಸೀಮೆಸುಣ್ಣವನ್ನು ಬಲಗೈಗೆ ದಾಟಿಸಿಕೊಂಡು, ಬೋರ್ಡಿನ ಮೇಲೆ ಕೋಳಿ ಕೆದರಿದ ಹಾಗೆ 'ಶಿಸ್ತು' ಎಂದು ಗೀಚುತ್ತಿದ್ದಳು.

ಮಕ್ಕಳ ನಗೆ ತಟ್ಟನೆ ನಿಂತದ್ದು ಕೇಳಿ ಗಿರಿಜಾಬಾಯಿಗೆ ಬೆನ್ನ ಹಿಂದೆ ಯಾರೆಂದು ತಿಳಿಯಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

"ಶಾಬಾಸ್ ಬಾಯಾರ!" ಎಂದರು ಬಸಲಿಂಗಯ್ಯನವರು. ಅವರ ಕಿವಿ ತುಸು ಮಂದ, ಕಣ್ಣು ಬಲು ಚುರುಕು. "ಕಡೀಕೂ ಬಲಗೈ ಹಿಡದ್ರಿ ನೋಡ್ರಿ! ಅಕ್ಷರ ಸೊಟ್ಟ ಆದರೂ ಅಡ್ಡಿ ಇಲ್ಲ, ಕೈ ನೆಟ್ಟಗ ಐತಿ."

ಮಕ್ಕಳು ನಗೆ ತಡೆಯಲಾರದೆ ಪಾಟಿಚೀಲಗಳೊಳಗೆ ಮುಖ ತೂರಿಸಿದರು.

ಬಸಲಿಂಗಯ್ಯನವರ ಸಂತೋಷಕ್ಕೆ ಕಾರಣವಿತ್ತು. ದಾಂಡೇಲಿಯ ಆ ಹೈಸ್ಕೂಲಿಗೆ ಬರುವವರೆಲ್ಲ ಕಾಗದದ ಕಾರ್ಖಾನೆಯ ಚಾಳಿನ ಮಕ್ಕಳು. ಆ ವರ್ಷ ಎಂಟನೆಯ ಇಯತ್ತೆಯಲ್ಲಿ ಕೆಲವರು ಎಡಗೈಯಲ್ಲಿ ಬರೆಯತೊಡಗಿದ್ದರು. ಅಣಕು ಮಾಡುವುದನ್ನು ಬಾಯಾರಿಂದಲೇ ಕಲಿತ ಮಕ್ಕಳು ಬಾಯಾರನ್ನೇ ಅಣಕಿಸುತ್ತಿದ್ದರು, ಅಷ್ಟೇ. ಹೆಡ್‌ಮಾಸ್ತರರಿಗೆ ಮಾತ್ರ ಅದು ಸಿಡುಬಿನಂತೆ ಕಂಡಿತ್ತು. ಒಬ್ಬರಿಗೆ ಬಂದರೆ ಊರಿಗೆಲ್ಲ.

ಸಂಜೆ ಆಕೆಯನ್ನು ಕೋಣೆಗೆ ಕರೆದು ಕಟ್ಟುನಿಟ್ಟಾಗಿ ಹೇಳಿದರು: "ಬರೂ ವಾರ ಇನ್‌ಸ್ಪೆಕ್ಷನ್ ಐತಿ. ಸಾಹೇಬರ ಮುಂದ ಬೋರ್ಡಿನ ಮ್ಯಾಲೆ ಎಡಗೈ ಎತ್ತಿದ್ರ್ಯೋ, ಅಲ್ಲಿಗೆ ನಿಮ್ಮ ವಿಜ್ಞಾನ ಮುಗೀತು. ಹುಡಿಗ್ಯಾರ ಹೊಲಿಗಿ ಕ್ಲಾಸಿಗೆ ಹಾಕ್ತೇನಿ."

"ಹೊಲಿಗೀನೂ ಎಡಗೈಲೇನ ಹಾಕ್ತೇನ್ರಿ ಸರ್."

"ಸೂಜಿ ಸಣ್ಣದು. ಯಾರಿಗೂ ಕಾಣೂದಿಲ್ಲ."

ಗಿರಿಜಾಬಾಯಿ ಹೊರಗೆ ಬಂದು ನಕ್ಕಳು. ಗೇಟು ದಾಟುವಷ್ಟರಲ್ಲಿ ನಗೆ ಆರಿತು. ಚಿಕ್ಕವಳಿದ್ದಾಗ ಅವ್ವ ಆಕೆಯ ಎಡಗೈಗೆ ಅರಿವೆ ಸುತ್ತಿ ಉಣ್ಣಲು ಕೂಡಿಸುತ್ತಿದ್ದಳು. ಹಾಗಾಗಿ ಉಣ್ಣುವುದು, ಕುಂಕುಮ ಕೊಡುವುದು ಬಲಗೈಗೆ ಬಂದಿತ್ತು. ಸುಣ್ಣದ ಕಡ್ಡಿ ಮಾತ್ರ ಆ ಕೈಗೆ ಒಲಿದಿರಲಿಲ್ಲ. ಧಾರವಾಡದಲ್ಲಿ ಓದಿ ಬಿ.ಎಸ್ಸಿ. ಮಾಡಿದ್ದು ಬೋರ್ಡಿನ ಮುಂದೆ ನಿಲ್ಲಲಿಕ್ಕೆ. ಆ ಒಂದು ಜಾಗದಲ್ಲಿ ಆಕೆಗೆ ಯಾರ ಸೋಂಗೂ ಬೇಕಾಗುತ್ತಿರಲಿಲ್ಲ. ಮನೆಯಲ್ಲಿ ಎಡಬಿಡದೆ ಬಲಗೈ ಸಾಧನೆ ಮಾಡಿದಳು. 'ಆಮ್ಲಜನಕ' ಎಂದು ಬರೆದರೆ ಅಕ್ಷರಗಳಿಗೇ ಉಸಿರು ಕಟ್ಟಿದಂತೆ ಕಾಣುತ್ತಿತ್ತು. ಬಲವಂತಕ್ಕೆ ಬಲಗೈ ಬಂದೀತೇ?

ಪಕ್ಕದ ಮನೆಯಲ್ಲಿ ಮುದಕವ್ವ ಇದ್ದಳು. ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಯಂತ್ರದ ಮೇಲಿದ್ದ ಶೇಖಪ್ಪನ ತಾಯಿ. ಹೋದ ವರ್ಷ ಮಿರಜಿನ ದವಾಖಾನೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಬಂದವಳು. ಪಿತ್ತಕೋಶದಿಂದ ಹೊರಬಂದ ಹರಳುಗಳನ್ನು ನಶ್ಯದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಸಣ್ಣದಕ್ಕೆ ಕರು ಎಂದು ಹೆಸರು, ದೊಡ್ಡದಕ್ಕೆ ಗೂಳಿ. ಮನೆಗೆ ಬಂದವರು ಮೊದಲು ಅವನ್ನು ಅಂಗೈಯಲ್ಲಿ ಹಿಡಿದು "ಅಬ್ಬಬ್ಬಾ!" ಎನ್ನಬೇಕು, ಆಮೇಲೆ ಚಹಾ. "ಅಬ್ಬಾ" ಎಂದು ಒಂದೇ ಸಲ ಅಂದವರಿಗೆ ಹಾಲಿಲ್ಲದ ಚಹಾ.

ಆ ಭಾನುವಾರ ಅಂದಾನೆಪ್ಪ ಬಂದಿದ್ದ. ಗಿರಿಜಾಬಾಯಿಯ ಜೊತೆ ಕಾಲೇಜಿನಲ್ಲಿ ಓದಿದವನು, ಈಗ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಮಿಸ್ಟು. ಡಬ್ಬಿ ಅವನ ಕೈಗೂ ಬಂತು. ಅವನು ನೋಡಿದ, ಮೂಸಿದ, ಎದ್ದು ನಿಂತ.

"ಆಯೀ! ಇದು ಹರಳಲ್ಲ, ಅಪ್ಪಟ ಕೊಲೆಸ್ಟರಾಲ್!"

"ಏನರ ಇರ್ಲಿ ತಮ್ಮಾ, ನಂದು ಅದು. ಕೊಡಿಲ್ಲೆ."

ಅಂದಾನೆಪ್ಪ ಗಿರಿಜಾಬಾಯಿಯತ್ತ ತಿರುಗಿದ. "ಬಾಯಾರ, ಇದರಿಂದ ಒಂದು ಬಿಳೀ ಪುಡಿ ಮಾಡಾಕ ಬರತೈತಿ. ಕಾಸಿದರ ಅತ್ತ ನೀರೂ ಅಲ್ಲ, ಇತ್ತ ಹರಳೂ ಅಲ್ಲ. ನೀರಿನಂಗ ಹರೀತೈತಿ, ಹರಳಿನಂಗ ಸಾಲಾಗಿ ನಿಲ್ಲತೈತಿ. ದ್ರವಹರಳು ಅಂತಾರ. ಆರೂವಾಗ ನವಿಲಿನ ಬಣ್ಣ ಹೊಡೀತೈತಿ."

"ಬಣ್ಣ ಯಾಕ ಬರತೈತಿ?"

ಅಂದಾನೆಪ್ಪ ಬೀದಿಯಲ್ಲಿ ಹೋಗುತ್ತಿದ್ದ ಬಿದಿರಿನ ಲಾರಿಯನ್ನು ತೋರಿಸಿದ. "ಆ ಲಾರ್‍ಯಾಗ ಒಂದು ಪದರು ಬಿದಿರು ಉದ್ದಕ ಹಾಸೀರಿ ಅಂತ ತಿಳೀರಿ. ಮ್ಯಾಲಿನ ಪದರು ತುಸು ಓರೆ. ಅದರ ಮ್ಯಾಲಿಂದು ಇನ್ನೂ ತುಸು ಓರೆ. ಹಂಗ ಏರಕೋತ ಹೋದ್ರ ಸುತ್ತಿನ ಮೆಟ್ಟಲಾತು. ಈ ಪುಡಿಯೊಳಗಿನ ಕಡ್ಡಿಗೋಳು ತಾವ ಹಂಗ ನಿಲ್ಲತಾವ. ಆ ಸುತ್ತಿಗೆ ಹೊಂದೂ ಬಣ್ಣ ಅಷ್ಟ ನಮ್ಮ ಕಣ್ಣಿಗೆ ತಿರುಗಿ ಬರತೈತಿ."

"ಓರೆ ಯಾವ ಕಡೆ?"

"ಈ ಪುಡ್ಯಾಗ ಯಾವಾಗಲೂ ಎಡಕ್ಕ."

ಗಿರಿಜಾಬಾಯಿ ಚಹಾದ ಬಟ್ಟಲು ಕೆಳಗಿಟ್ಟಳು. "ಎಡಕ್ಕ ಅಂತ ಅದಕ್ಕ ಹೇಳಿದವರು ಯಾರು?"

"ಯಾರೂ ಹೇಳಿಲ್ಲ. ನಿಮ್ಮ ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂಡೂದಿಲ್ಲಲ್ಲ, ಹಂಗ ಈ ಒಂದೊಂದು ಅಣುವಿಗೂ ಹುಟ್ಟಾ ಒಂದು ಮಗ್ಗಲು ಐತಿ. ಬಾಜೂಕ ನಿಂತದ್ದು ಅದಕ್ಕ ಹೊಂದಿ ತುಸು ಹೊರಳತೈತಿ, ಅದರ ಬಾಜೂಕಿಂದು ಇನ್ನ ತುಸು. ಒಂದರ ಸೊಟ್ಟ ಯಾರಿಗೂ ಕಾಣೂದಿಲ್ಲ. ಎಲ್ಲಾ ಕೂಡಿ ಹೊರಳಿದಾಗ ಬಣ್ಣ ಆಗಿ ಕಾಣತೈತಿ."

ಇನ್‌ಸ್ಪೆಕ್ಟರ್ ಸಾಹೇಬರಿಗೆ ತೋರಿಸಬೇಕಾದದ್ದು ಇದೇ ಎಂದು ಗಿರಿಜಾಬಾಯಿ ಅಲ್ಲಿಯೇ ನಿಶ್ಚಯಿಸಿದಳು. ಮುದಕವ್ವನ ಹರಳು ಕೇಳಿದರೆ ಮುದಕವ್ವನ ಕರುಳು ಕೇಳಿದಂತೆ. ಆಕೆ ಬೇಡಲಿಲ್ಲ. ಎದ್ದು ನಿಂತು ಮಿರಜಿನ ಡಾಕ್ಟರಾದಳು. "ಮುದಕವ್ವಾಬಾಯಿ, ಘಾಬರೂ ನಕಾ, ಅಂಜಬ್ಯಾಡ್ರಿ! ಕತ್ತರಿ ಎಲ್ಲೆ ಐತಿ? ಅರೇ, ನನ್ನ ಚಸ್ಮಾ ಹೊಟ್ಟ್ಯಾಗ ಬಿತ್ತೇನ ನೋಡ್ರಿ ಸಿಸ್ಟರ್!" ಮುದಕವ್ವ ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಡಬ್ಬಿ ತೆರೆದಳು. "ತಗೋ, ಕರು ಒಯ್ಯಿ. ಗೂಳಿ ಕೇಳಬ್ಯಾಡ."

ಅಂದಾನೆಪ್ಪ ಬಿಡುವಿನಲ್ಲಿ ಕರುವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಸೋಸಿ, ಮತ್ತಷ್ಟು ಔಷಧ ಕೂಡಿಸಿ ಚಿಟಿಕೆ ಬಿಳಿ ಪುಡಿ ಮಾಡಿ ತಂದ. ಜೊತೆಗೊಂದು ತಂಪು ಕನ್ನಡಕ. ಗೋವೆಯ ಕಡೆಯಿಂದ ಜೋಯಿಡಾ ಕಾಡು ಹಾಯ್ದು ಬಂದ ಪರದೇಶದ ಮಾಲು. ಅದರ ಎರಡೂ ಗಾಜಿಗೆ, ಕೆಟ್ಟ ಇಸ್ತ್ರಿಪೆಟ್ಟಿಗೆಯೊಳಗಿನ ಅಭ್ರಕವನ್ನು ಸೂಜಿಯಿಂದ ಪದರು ಪದರು ಸೀಳಿ, ಒಂದಕ್ಕೆ ಹೀಗೆ ಇನ್ನೊಂದಕ್ಕೆ ಹಾಗೆ ಅಂಟಿಸಿದ್ದ. ಎಡಕ್ಕೆ ಸುತ್ತಿದ ಹರಳಿನಿಂದ ಮರಳುವ ಬೆಳಕೂ ಎಡಕ್ಕೇ ಸುತ್ತಿಕೊಂಡಿರುತ್ತದೆ. ಅಂಥ ಎಡಸುತ್ತಿನ ಬೆಳಕು ಎಡಗಾಜಿನಲ್ಲಷ್ಟೇ ಒಳಗೆ ಬರುತ್ತಿತ್ತು, ಬಲಸುತ್ತಿನದು ಬಲಗಾಜಿನಲ್ಲಷ್ಟೇ. ಗುರುತಿಗೆ ಎಡಗಾಜಿನ ಮೂಲೆಗೆ ಕುಂಕುಮದ ಬೊಟ್ಟು.

ಮೊದಲು ಹೆಡ್‌ಮಾಸ್ತರರಿಗೇ ತೋರಿಸೋಣವೆಂದು ಗಿರಿಜಾಬಾಯಿ ಅವರನ್ನು ಪ್ರಯೋಗದ ಕೋಣೆಗೆ ಕರೆತಂದಳು. ಕೆಳಮೈಗೆ ಮಸಿ ಹಿಡಿಸಿದ ಗಾಜಿನ ಮೇಲೆ ಪುಡಿ ಉದುರಿಸಿ, ಸ್ಪಿರಿಟ್ ದೀಪದ ಮೇಲೆ ಕರಗಿಸಿ, ಗಾಜಿನ ಕಡ್ಡಿಯಿಂದ ತಿರುವಿ ಹರಡಿದಳು. ಆರುತ್ತ ಬಂದಂತೆ ಅಂಚಿನಿಂದ ನೀಲಿ ಎದ್ದಿತು, ನೇರಳೆ ಎದ್ದಿತು. ಬಸಲಿಂಗಯ್ಯನವರ ಬಾಯಿ ತೆರೆದುಕೊಂಡಿತು. ಕನ್ನಡಕ ಹಾಕಿಕೊಂಡು ಎಡಗಣ್ಣಿನಿಂದ ನೋಡಿದರೆ ಬಣ್ಣ, ಬಲಗಣ್ಣಿನಿಂದ ನೋಡಿದರೆ ಕತ್ತಲು.

"ಅಂದ್ರ ಇದು ಎಡಕ್ಕ ತಿರಗೇತಿ?"

"ಹೌದ್ರಿ ಸರ್. ಹುಟ್ಟಾ!"

"ಈಗ ಕಡ್ಡಿ ಹಿಡದು ತಿರುವಿದವರು ಯಾರು?"

"ನಾನು."

"ಯಾವ ಕೈಲೆ?"

ಗಿರಿಜಾಬಾಯಿ ತನ್ನ ಕೈ ನೋಡಿಕೊಂಡಳು. ಕಡ್ಡಿ ಇನ್ನೂ ಎಡಗೈಯಲ್ಲೇ ಇತ್ತು.

"ಮತ್ತ!" ಬಸಲಿಂಗಯ್ಯನವರು ಕೋಟಿನ ಗುಂಡಿ ಹುಡುಕಿದರು. "ಕಡಗೋಲು ತಿರುಗಿದ ಕಡೆ ಮಜ್ಜಿಗಿ ತಿರಗತೈತಿ. ಎಡಾ ಅನ್ನೂದು ಒಳಗಿಂದ ಬರೂದಲ್ಲ ಬಾಯಾರ, ಹೊರಗಿಂದ ಹತ್ತೂದು. ನನ್ನ ಎಂಟನೇ ಇಯತ್ತೆಗೆ ಹತ್ತಿದಂಗ ಪಾಪ ಈ ಪುಡೀಗೂ ಹತ್ತೇತಿ."

ಆ ಮಾತು ಗಿರಿಜಾಬಾಯಿಗೆ ನಾಟಿತು. "ಎಡಗೈ ತಾಕದಂಗ ಮಾಡಿ ತೋರಸ್ತೇನ್ರಿ. ಆಗೂ ಎಡಕ್ಕ ತಿರಗಿದರ?"

"ಆಗ ಎಡಾ ಒಳಗ ಇತ್ತು ಅಂತ ಒಪ್ಪಿದೆ. ನಿಮ್ಮ ಕೈ ತಂಟೆಕ್ಕ ಬರೂದಿಲ್ಲ. ಸಾಹೇಬರ ಎದುರಿಗೇ ಆಗ್ಲಿ. ಬಲಕ್ಕ ತಿರಗಿದರ?"

"ಹೊಲಿಗಿ ಕ್ಲಾಸು," ಎಂದಳು ಗಿರಿಜಾಬಾಯಿ.

"ಆದರ ಈ ಪುಡಿ ನಡಿಯೂದಿಲ್ಲ. ಎಡಗೈ ಆಡೇತಿ ಇದರಾಗ. ಎಂಜಲಾತು."

ಮಡಿವಂತರು ಉಪ್ಪಿನಕಾಯಿ ಭರಣಿಗೆ ಹೇಳುವ ಮಾತನ್ನು ಹೆಡ್‌ಮಾಸ್ತರರು ರಸಾಯನಶಾಸ್ತ್ರಕ್ಕೆ ಹೇಳಿದ್ದರು. ಈಗ ಗೂಳಿಯನ್ನು ಕೇಳದೆ ದಾರಿಯಿರಲಿಲ್ಲ. ಸಾಲದ್ದಕ್ಕೆ ಅಂದಾನೆಪ್ಪ ತಲೆ ಕೆರೆದುಕೊಂಡ. "ಬಾಯಾರ, ಖರೇ ಹೇಳ್ತೇನಿ. ನಾ ಪುಸ್ತಕದಾಗ ಓದೇನಿ ಅಷ್ಟ. ಎಡಗೈಲೆ ತಿರುವಿದರ ಏನು, ಬಲಗೈಲೆ ತಿರುವಿದರ ಏನು ಅಂತ ಅದರಾಗ ಬರದಿಲ್ಲ. ಬರದವರ ಶಾಳ್ಯಾಗ ಬಸಲಿಂಗಯ್ಯನಂಥವರು ಇರಲಿಲ್ಲ ಕಾಣತೈತಿ."

"ನೀವ ಹಿಂಗಂದ್ರ ಹೆಂಗ್ರಿ? ಅಣುವಿನ ಮೈಯಾಗ ಐತಿ ಅಂದವರು ನೀವು."

"ಐತಿ ಅಂತ ನಂಬೇನಿ. ಕಣ್ಣಾರೆ ನೋಡಿಲ್ಲ."

ಗಿರಿಜಾಬಾಯಿಯ ಹೊಟ್ಟೆಯಲ್ಲೇ ಒಂದು ಹರಳು ಹುಟ್ಟಿದಂತಾಯಿತು. ತನ್ನ ಕೈಯೇ ಆ ನೀಲಿಯನ್ನು ಎಡಕ್ಕೆ ಎಳೆದಿದ್ದರೆ? ಬಸಲಿಂಗಯ್ಯನವರ ಮಾತೇ ಸರಿಯಿದ್ದರೆ?

ಮುದಕವ್ವ ಮೊದಲು ಡಬ್ಬಿಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. "ಗೂಳಿ ಹೋದ್ರ ಬಂದವರಿಗೆ ಏನ ತೋರಿಸ್ಲಿ, ನನ್ನ ಕಲೆ ತೋರಿಸ್ಲೇನು?" ಆಮೇಲೆ ಹೆಡ್‌ಮಾಸ್ತರರು ಅಂದದ್ದನ್ನು ಗಿರಿಜಾಬಾಯಿ ಅವರದೇ ದನಿಯಲ್ಲಿ ಹೇಳಿ ತೋರಿಸಿದಳು. ಎಂಜಲೆಂಬ ಮಾತು ಬಂದದ್ದೇ ಮುದಕವ್ವ ನೆಟ್ಟಗೆ ಕುಳಿತಳು.

"ಏನಂದ? ನನ್ನ ಹರಳು ಎಂಜಲಂತ? ನನ್ನ ಹೊಟ್ಟ್ಯಾಗ ಬೆಳದದ್ದಕ್ಕ ಮಂದಿ ಕೈ ಹತ್ತೇತಂತ? ಗೂಳಿ ಒಯ್ಯವ್ವಾ! ಆದರ ನಾನೂ ಬರ್ತೇನಿ. ನಾನ ತಿರುವ್ತೇನಿ. ಈ ಕೈಲೆ ಎಷ್ಟು ರೊಟ್ಟಿ ಬಡದೇನಿ, ಇದಕ್ಕಿಂತ ಬಲಗೈ ಊರಾಗ ಯಾವುದೈತಿ?"

ಇನ್‌ಸ್ಪೆಕ್ಷನ್ನಿನ ದಿನ ಬೆಳಗ್ಗೆ ಕಾಳಿ ಹೊಳೆಯ ಮೇಲಿನ ಮಂಜು ಕರಗಿ, ಪ್ರಯೋಗದ ಕೋಣೆಯ ಕಿಟಕಿಯಲ್ಲಿ ಒಳ್ಳೆಯ ಬೆಳಕಿತ್ತು. ಇನ್‌ಸ್ಪೆಕ್ಟರ್ ಮಹಾಂತಪ್ಪನವರು ಹಳಿಯಾಳದಿಂದ ಜೀಪಿನಲ್ಲಿ ಕುಲುಕಿ ಬಂದು, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಮಾತಿಲ್ಲದೆ ಕುಳಿತಿದ್ದರು. ಹತ್ತನೆಯ ಇಯತ್ತೆಯವರು ಗೋಡೆಗೆ ಒತ್ತಿ ನಿಂತಿದ್ದರು. ಮುದಕವ್ವ ಇಳಕಲ್ಲ ಸೀರೆ ಉಟ್ಟು ಮದುವೆಗೆ ಬಂದ ಬೀಗತಿಯಂತೆ ಮೊದಲ ಕುರ್ಚಿ ಹಿಡಿದಿದ್ದಳು. ಗಿರಿಜಾಬಾಯಿಯನ್ನು ಮಾತ್ರ ಹೆಡ್‌ಮಾಸ್ತರರು ಹಿಂದಿನ ಬೆಂಚಿಗೆ ಕೂಡಿಸಿ, ಎಡಗೈಗೆ ಸೆರಗು ಸುತ್ತಿಕೊಳ್ಳಲು ಹೇಳಿದ್ದರು.

ಬಸಲಿಂಗಯ್ಯನವರು ಸಾಹೇಬರಿಗೆ ಪಂದ್ಯವನ್ನು ತಿಳಿಸಿದರು. ಸಾಹೇಬರು ಹುಬ್ಬು ಹಾರಿಸಿದರು, ಎಲೆ ಅಗಿದರು, ಆಗಲಿ ಎಂದು ತಲೆಯಾಡಿಸಿದರು.

ಬಲಗೈಯವನಾದ ಅಂದಾನೆಪ್ಪ ಗೂಳಿಯ ಪುಡಿಯನ್ನು ಬಲಗೈಯಿಂದ ಗಾಜಿನ ಮೇಲೆ ಉದುರಿಸಿ ದೀಪ ಹಚ್ಚಿದ. ಪುಡಿ ಕರಗಿತು. ಮುದಕವ್ವ ಕಡ್ಡಿ ಹಿಡಿದು ಕಡಲೆಹಿಟ್ಟಿನ ಝುಣಕ ಮಗುಚುವಂತೆ ತಿರುವಿದಳು. "ಸಾಕು ಬಿಡ್ರಿ ಆಯಿ," ಎಂದು ಹೆಡ್‌ಮಾಸ್ತರರು ಇಸಿದುಕೊಂಡು, ಗುಡಿಯ ಪ್ರದಕ್ಷಿಣೆ ಹಾಕುವಂತೆ ಬಲಕ್ಕೆ, ಬಲಕ್ಕೆ, ಬಲಕ್ಕೆ ತಿರುವಿದರು. ತಿರುವುತ್ತ ತಿರುವುತ್ತ ಭಕ್ತಿ ಬಂದು ಕಣ್ಣೂ ಮುಚ್ಚಿದರು.

ಬಣ್ಣ ಬರಲಿಲ್ಲ. ಗಾಜಿನ ಮೇಲೆ ಬರೀ ತಿಳಿನೀರಿನಂಥ ಹನಿ.

ಅಂದಾನೆಪ್ಪನ ಹಣೆ ಬೆವರಿತು. ಪುಟಿದೇಳಬೇಕಾದ ನೀಲಿ ಎಲ್ಲಿ? ಬಸಲಿಂಗಯ್ಯನವರು ಕಣ್ಣು ತೆರೆದು ನೋಡಿ ಮುಗುಳ್ನಕ್ಕರು. "ನೋಡ್ರಿ ಸಾಹೇಬ್ರ. ಎಡಗೈ ಇಲ್ಲಂದ್ರ ಆಟಾನೂ ಇಲ್ಲ."

ಗಿರಿಜಾಬಾಯಿ ಬೆಂಚಿನಿಂದ ಕತ್ತು ಚಾಚಿದಳು. ಹೆಡ್‌ಮಾಸ್ತರರ ಪ್ರದಕ್ಷಿಣೆ ಮುಗಿಯಲೆಂದು ಅಂದಾನೆಪ್ಪ ದೀಪವನ್ನು ಬಹಳ ಹೊತ್ತು ಉರಿಸಿಬಿಟ್ಟಿದ್ದ. ಕಾವು ಏರಿ ಸಾಲುಗಳೆಲ್ಲ ಚದುರಿ ಬರೀ ನೀರಾಗಿದ್ದವು. ಆರಲು ಬಿಟ್ಟರೆ ತಾನೇ ಮತ್ತೆ ಸಾಲುಗಟ್ಟಬೇಕು! ಕೂಗಿ ಹೇಳಲು ಬಾಯಿ ತೆರೆದಳು. ಗಾಬರಿಯಲ್ಲಿ ಹೊರಬಿದ್ದದ್ದು ಆಕೆಯ ದನಿಯಲ್ಲ. ಆ ಶಾಲೆಯಲ್ಲಿ ಯಾವ ದನಿಗೆ ಎಲ್ಲರೂ ತಕ್ಷಣ ಎದ್ದು ನಿಲ್ಲುತ್ತಿದ್ದರೋ, ಆ ದನಿ.

"ದೀಪಾ ತಗೀಯೋ ಮಂಗ್ಯಾ!"

ಅಂದಾನೆಪ್ಪ ಬೆಚ್ಚಿ ದೀಪ ಸರಿಸಿದ. ಮಕ್ಕಳು ಕೈಕಟ್ಟಿ ನಿಂತರು. ಬಸಲಿಂಗಯ್ಯನವರು ತಾವೇ ಮಾತಾಡಿದೆವೇನೋ ಎಂದು ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಮಹಾಂತಪ್ಪನವರು ಮಾತ್ರ ಹಿಂದಿನ ಬೆಂಚಿನತ್ತ ಒಮ್ಮೆ ಕಣ್ಣು ಹಾಯಿಸಿ, ಮೀಸೆಯೊಳಗೇ ಏನನ್ನೋ ಅಗಿದು ನುಂಗಿದರು.

ಹನಿ ಆರತೊಡಗಿತು. ಕದಡಿದ ಮಜ್ಜಿಗೆಯಂತೆ ಮಬ್ಬಾಯಿತು. ಅಂಚಿನಲ್ಲೊಂದು ನೇರಳೆ ಎಳೆ ಕಂಡಿತು. ನೋಡುತ್ತಿದ್ದಂತೆ ಗಾಜಿನ ತುಂಬ ಮಿಂಚುಳ್ಳಿಯ ರೆಕ್ಕೆ ಬಿಚ್ಚಿದಂತೆ ನೀಲಿ.

"ಬಂತವ್ವಾ ನನ್ನ ಗೂಳಿ!" ಎಂದು ಮುದಕವ್ವ ತೊಡೆ ತಟ್ಟಿದಳು.

ಆದರೆ ಬಣ್ಣ ಬಂದದ್ದು ಗೆಲುವಲ್ಲ, ಯಾವ ಕಡೆಯ ಬಣ್ಣ ಎಂಬುದು ಗೆಲುವು. ಗಿರಿಜಾಬಾಯಿ ಸೆರಗಿನೊಳಗೆ ಎಡಗೈ ಮುಷ್ಟಿ ಕಟ್ಟಿದಳು. ಮಹಾಂತಪ್ಪನವರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಎಡಗಣ್ಣು ಮುಚ್ಚಿ ಬಲಗಾಜಿನಿಂದ ನೋಡಿದರು.

"ಕತ್ತಲ," ಎಂದರು.

ಬಲಗಣ್ಣು ಮುಚ್ಚಿ ಎಡಗಾಜಿನಿಂದ ನೋಡಿದರು. ಅಂದಿನ ಇನ್‌ಸ್ಪೆಕ್ಷನ್ನಿನಲ್ಲಿ ಅವರು ಮೊದಲ ಸಲ ಎದ್ದು ಹೋಗಿ ಕಿಟಕಿಯಾಚೆ ಎಲೆಯಡಿಕೆ ಉಗುಳಿ ಬಂದರು, ಬಾಯಿತುಂಬ ಮಾತಾಡಲಿಕ್ಕೆ.

"ಎಡಕ್ಕ ಐತ್ರಿ! ಕಣ್ಣಿಗೆ ಹೊಡೀತೈತಿ! ಎಡಕ್ಕ!"

ಕೋಣೆ ಗುಲ್ಲೆದ್ದಿತು. "ಕೊಡ್ರಿಲ್ಲೆ, ಕೊಡ್ರಿಲ್ಲೆ," ಎಂದು ಬಸಲಿಂಗಯ್ಯನವರು ಕನ್ನಡಕ ಇಸಿದುಕೊಂಡರು. ಬಲಗಣ್ಣಿಗೆ ಕತ್ತಲು, ಎಡಗಣ್ಣಿಗೆ ನೀಲಿ. ಒರೆಸಿ ನೋಡಿದರು, ಅದೇ. ತಟ್ಟನೆ ಏನೋ ಹೊಳೆದು ಕನ್ನಡಕವನ್ನು ತಲೆಕೆಳಗು ಮಾಡಿ ಹಿಡಿದರು. ಮುಖ ಅರಳಿತು. "ಬಲಕ್ಕ ಬಂತು! ಈಗ ಬಲಗಣ್ಣಿಗೆ ಬಂತು ನೋಡ್ರಿ!"

"ಬಸಲಿಂಗಯ್ಯನವರ," ಎಂದರು ಮಹಾಂತಪ್ಪನವರು ಮೆಲ್ಲಗೆ, "ಕುಂಕುಮದ ಬೊಟ್ಟು ಎಲ್ಲಿಗೆ ಹೋತು?"

ಬೊಟ್ಟಿದ್ದ ಗಾಜು ಈಗ ಅವರ ಬಲಗಣ್ಣಿನ ಮುಂದಿತ್ತು. ಗಾಜು ಕಣ್ಣು ಬದಲಿಸಿತ್ತು, ಹರಳು ಕೈ ಬದಲಿಸಿರಲಿಲ್ಲ. ಹತ್ತನೆಯ ಇಯತ್ತೆ ಈ ಸಲ ಚೀಲದೊಳಗೆ ಮುಖ ತೂರಿಸದೆ ನಕ್ಕಿತು.

ಬಸಲಿಂಗಯ್ಯನವರು ಹಟವಾದಿ, ಸುಳ್ಳುಗಾರರಲ್ಲ. ಮತ್ತೆ ಕಾಸಿಸಿದರು, ತಾವೇ ಬಲಕ್ಕೆ ತಿರುವಿದರು. ಎಡ. ಮತ್ತೆ ಕಾಸಿಸಿದರು, ತಿರುವದೇ ಬಿಟ್ಟು ನೋಡಿದರು. ಎಡ. ಮುದಕವ್ವನ ಕೈಗೆ ಕೊಟ್ಟರು. ಎಡ. ಕಡೆಗೆ ಕಡ್ಡಿ ಕೆಳಗಿಟ್ಟು, ಇದ್ದ ಗುಂಡಿಯನ್ನೇ ಹಿಡಿದುಕೊಂಡು ನಿಂತರು.

"ನಾ ಹುಟ್ಟಿದಾಗಿಂದ ಬಲಗೈಲೆ ಉಂಡಾಕಿ," ಎಂದಳು ಮುದಕವ್ವ. "ನನ್ನ ಹೊಟ್ಟ್ಯಾಗ ಎಡಾ ಹೆಂಗ ಹೊಕ್ಕಿತೋ ತಮ್ಮಾ?"

"ನಿಮ್ಮದಷ್ಟ ಅಲ್ಲ ಆಯಿ," ಎಂದ ಅಂದಾನೆಪ್ಪ. "ಈ ಸರಕು ಎಲ್ಲಾರ ಮೈಯಾಗೂ ಐತಿ, ಎಲ್ಲಾರದೂ ಒಂದ ಕೈದು. ನಂದೂ, ಸಾಹೇಬರದೂ, ಹೆಡ್‌ಮಾಸ್ತರದೂ."

ಬಸಲಿಂಗಯ್ಯನವರ ಬಲಗೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ ಅವರು ಕೆಮ್ಮಿದರು. "ಸೋತೆ ಬಾಯಾರ. ಒಳಗ ಇತ್ತು ಅದು. ಕೈ ನಿಮ್ಮದು, ಬೋರ್ಡು ನಿಮ್ಮದು. ಸಾಹೇಬರ ಎದುರಿಗೆ ಹೇಳೇನಿ."

"ಬೋರ್ಡು ಅವರದಾದರ ನಮಗೊಂದಿಷ್ಟು ತಿಳಿಸಿ ಹೇಳ್ಲಿ," ಎಂದು ಮಹಾಂತಪ್ಪನವರು ಕುರ್ಚಿಯನ್ನು ಬೋರ್ಡಿನತ್ತ ತಿರುಗಿಸಿದರು. "ಅಣುವಿನ ಸಣ್ಣ ಸೊಟ್ಟ ಇಷ್ಟು ದೊಡ್ಡ ಸುತ್ತು ಆಗೂದು ಹೆಂಗ? ಮೊದಲಿಂದ ಬರೀರಿ ಬಾಯಾರ."

ಗಿರಿಜಾಬಾಯಿ ಸೆರಗು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಹಿಂದಿನ ಬೆಂಚಿನಿಂದ ಬೋರ್ಡಿನವರೆಗೆ ಮಕ್ಕಳು ದಾರಿ ಬಿಟ್ಟರು. ಸೀಮೆಸುಣ್ಣವನ್ನು ಎಡಗೈಯಲ್ಲಿ ಹಿಡಿದು ಒಂದು ಸಾಲು ಕಡ್ಡಿ ಎಳೆದಳು, ಅದರ ಮೇಲೆ ತುಸು ಓರೆಯಾಗಿ ಇನ್ನೊಂದು ಸಾಲು, ಮತ್ತೊಂದು. ಗೆರೆ ಒಂದಾದರೂ ನಡುಗಲಿಲ್ಲ. ಯಾರ ದನಿಯೂ ಅಲ್ಲದ ತನ್ನದೇ ದನಿಯಲ್ಲಿ ಹೇಳುತ್ತ ಹೋದಳು. ಬರೆಯುವ ಭರದಲ್ಲಿ ಆಕೆಯ ಎಡದೋಳು ಬರೆದದ್ದನ್ನೆಲ್ಲ ಮರೆಮಾಡುತ್ತಿದ್ದುದು ಆಕೆಗೆ ಗೊತ್ತಾಗಲೇ ಇಲ್ಲ.

ಬಸಲಿಂಗಯ್ಯನವರು ಅತ್ತ ಬಾಗಿದರು, ಇತ್ತ ಬಾಗಿದರು, ಕೊನೆಗೆ ಕುರ್ಚಿ ಬಿಟ್ಟು ಮಕ್ಕಳ ನಡುವೆ ಬಂದು ತುದಿಗಾಲಲ್ಲಿ ನಿಂತರು.

"ಬಾಯಾರ, ತುಸು ಸರೀರಿ," ಎಂದರು. "ಕಾಣವಲ್ದು."